ಬಲಗಡೆ ಕೂತವರ ಪ್ರಾರ್ಥನೆ

ನಂಜನಗೂಡು
೧೩ ಮಾರ್ಚ್ ೨೦೦೩, ಗುರುವಾರ

ಇಂದ್ರಾಣಿಗೆ,

ಇವತ್ತೂ ನಲ್ಲಿಯಲ್ಲಿ ನೀರು ಬಂದಿಲ್ಲ. ರಾತ್ರಿ ಶಿಫ್ಟ್ ಮುಗಿಸಿ ಬಂದವನು ಮುಖ ಕೂಡ ತೊಳೆಯದೆ ಬರೆಯಲು ಕೂತಿದ್ದೇನೆ. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಜೊತೆ ಜಗಳ. ಚೀಲ ಹೊಲಿಯುವ ಮಿಷನ್ ಎರಡು ಸಲ ನಿಂತಿದ್ದಕ್ಕೆ ನಾನೇ ಕಾರಣ ಅಂತ ಅವನು, ಬೆಲ್ಟ್ ಸವೆದಿದೆ ಅಂತ ನಾನು. ತಾಂಡ್ಯದಿಂದ ಬರುವ ಬಸ್ಸಿನಲ್ಲಿ ಯಾರೋ ಎಳೆದಾಡಿ ಶರ್ಟಿನ ಜೇಬು ಹರಿಯಿತು. ಇಷ್ಟೆಲ್ಲ ಆಗಿ ಮನೆಗೆ ಬಂದರೆ ಓನರ್ ಕೆಂಪಾಜಮ್ಮ ಪೊರಕೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಏನಪ್ಪಾ ಮಾದೇಶ, ನಿನ್ ಎಂಡ್ರು ಬರಾದು ಯಾವತ್ತು? ಇತ್ಲಲ್ಲಿ ಒಗೆಯೋ ಕಲ್ಲ ಉಜ್ಜಿ ಮಡಗಿವ್ನಿ. ಅವ್ಳು ಬಂದ್ ಮ್ಯಾಲೆ ನಿನ್ ಬಟ್ಟೆ ವಾಸ್ನೆನಾದ್ರೂ ಓಗ್ತದೆ" ಅಂದರು.

ಇಂದ್ರಾ, ನೀನು ಬರುತ್ತೀಯ ಅಂತ ಕೆಂಪಾಜಮ್ಮನಿಗೆ ಹೇಳಿದವನು ನಾನೇ. ಅವರಿಗೊಬ್ಬರಿಗೇ ಅಲ್ಲ. ಅದನ್ನು ಹೇಳುವುದಕ್ಕೇ ಈ ಕಾಗದ.

ಇಲ್ಲಿ ಎಲ್ಲ ಕ್ಷೇಮ ಅಂತ ಬರೆದರೆ ಸುಳ್ಳಿಗೆ ಇನ್ನೊಂದು ಸುಳ್ಳು ಸೇರುತ್ತದೆ. ಮೂರು ವರ್ಷದಲ್ಲಿ ನಾನು ಬರೆದ ಕಾಗದಗಳೆಲ್ಲ ನಿಮ್ಮಣ್ಣ ರವಿಕುಮಾರನ ಕೈ ದಾಟಿ ನಿನ್ನನ್ನು ತಲುಪಿಲ್ಲ ಅಂತ ಗೊತ್ತು. ಅದಕ್ಕೇ ಇದನ್ನು ನೀನು ಪಾಠ ಮಾಡುವ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ನಿನ್ನನ್ನು ಕರೆಯುವುದಕ್ಕೆ ಬರೆಯುತ್ತಿಲ್ಲ. ಮೊದಲೇ ಹೇಳಿಬಿಟ್ಟರೆ ಹರಿದು ಹಾಕದೆ ಕೊನೆತನಕ ಓದುತ್ತೀಯೇನೋ ಅಂತ ಆಸೆ. ನಿನ್ನಿಂದ ಒಂದು ಕೆಲಸ ಆಗಬೇಕು. ಅದು ಆಗದಿದ್ದರೆ ಇಲ್ಲೊಬ್ಬ ಹೆಣ್ಣುಮಗಳ ಬದುಕು ನನ್ನ ಬಾಯಿಂದ ಕೆಡುತ್ತದೆ.

ನಾನು ಬುಧವಾರ ಬುಧವಾರ ಒಂದು ಕಡೆ ಹೋಗುತ್ತೇನೆ. ಬೈಬಲ್ ಓದುವ ಗುಂಪು. ನಗಬೇಡ. ನಮ್ಮವ್ವನಿಗೆ ಗೊತ್ತಾದರೆ ಮೂಗೂರಿನಿಂದ ನಡೆದುಕೊಂಡೇ ಬಂದು ಬೈಯುತ್ತಾಳೆ. ನಾನು ದೀಕ್ಷಾಸ್ನಾನ ಮಾಡಿಸಿಕೊಂಡು ಆ ಕಡೆ ಸೇರಿದವನಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ಫ್ಯಾಕ್ಟರಿ ಗೇಟಿನ ವಾಚ್‌ಮನ್ ಸಿದ್ದಯ್ಯ ಕರೆದ. "ಬಾರ್ಲಾ, ಸುಮ್ಕೆ ರೂಮಲ್ಲಿ ಕುಂತು ಗೋಡೆ ನೋಡ್ತೀಯ. ಅಲ್ಲಿ ಟೀ ಕೊಡ್ತಾರೆ, ಬನ್ನೂ ಕೊಡ್ತಾರೆ. ದೇವ್ರು ಇದ್ರೆ ಇರ್ಲಿ, ಇಲ್ದಿದ್ರೆ ಬನ್ನಂತೂ ಐತೆ" ಅಂದ. ಹೋದೆ. ಮಲ್ಲಯ್ಯ ಅಂತ ಒಬ್ಬರು ರಿಟೈರ್ಡ್ ಕಾಂಪೌಂಡರ್, ಅವರ ಮನೆಯ ನಡುಮನೆ. ನಾವು ಐದೇ ಜನ. ಮಲ್ಲಯ್ಯನವರು, ಸಿದ್ದಯ್ಯ, ನಾನು, ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುವ ಚನ್ನಾಜಮ್ಮ, ಅವಳ ಸೊಸೆ ಪುಟ್ಟಲಕ್ಷ್ಮಿ.

ಪುಟ್ಟಲಕ್ಷ್ಮಿ ನಿನ್ನ ವಯಸ್ಸಿನವಳು. ಮನೆಯಲ್ಲಿ ಊದುಬತ್ತಿ ಹೊಸೆಯುತ್ತಾಳೆ. ಬೆರಳೆಲ್ಲ ಕಪ್ಪಾಗಿರುವುದರಿಂದ ಪುಸ್ತಕ ಕೊಳೆಯಾಗುತ್ತದೆ ಅಂತ ಹಾಳೆಯನ್ನು ಮುಂಗೈಯಿಂದ ತಿರುವುತ್ತಾಳೆ. ಅವಳ ಗಂಡ ಬೆಟ್ಟಸ್ವಾಮಿ ಆರು ವರ್ಷದ ಹಿಂದೆ ಕ್ಲೀನರ್ ಆಗಿ ಲಾರಿ ಹತ್ತಿ ಕೇರಳದ ಕಡೆ ಹೋದವನು ತಿರುಗಿ ಬಂದಿಲ್ಲ. ಬತ್ತೇರಿಯಲ್ಲಿ ಬೇರೆ ಸಂಸಾರ ಇದೆ ಅಂತ ಕಂಡವರು ಹೇಳುತ್ತಾರೆ. ಚನ್ನಾಜಮ್ಮ ಆ ಮಾತು ಬಂದರೆ ಎದ್ದು ಟೀ ಲೋಟ ತೊಳೆಯಲು ಹೋಗುತ್ತಾಳೆ.

ಒಂದು ವರ್ಷ ನಾವು ಓದಿದ್ದು ಒಂದೇ ವಿಷಯ, ಪ್ರಾರ್ಥನೆ. ಯಾರ್ಯಾರು ಹೇಗೆ ಕೇಳಿದರು, ಯಾರಿಗೆ ಸಿಕ್ಕಿತು, ಯಾರಿಗೆ ಸಿಕ್ಕಲಿಲ್ಲ ಅಂತ. ಸರಿಹೊತ್ತಿನಲ್ಲಿ ಸ್ನೇಹಿತನ ಮನೆ ಬಾಗಿಲು ತಟ್ಟಿ ರೊಟ್ಟಿ ಕೇಳಿದವನ ಕಥೆ. ಕೆಟ್ಟ ನ್ಯಾಯಾಧೀಶನ ಬೆನ್ನು ಬಿಡದೆ ನ್ಯಾಯ ಮಾಡಿಸಿಕೊಂಡ ವಿಧವೆಯ ಕಥೆ. ಆಗ ಸಿದ್ದಯ್ಯ, "ನಮ್ ತಾಲ್ಲೂಕಾಪೀಸ್ಗೆ ಆ ಯಮ್ಮನ್ನ ಕಳ್ಸ್‌ಬೇಕಿತ್ತು ಸಾ, ಅಂಗವಿಕಲ್ರ ಪಿಂಚಣಿಗೆ ಅಲೆಯಾಕ್ ಸುರು ಮಾಡಿ ಮೂರ್ ವರ್ಸ ಆಯ್ತು" ಅಂದ. ಇನ್ನೊಬ್ಬಳು ಹನ್ನಾ ಅಂತ. ಮಕ್ಕಳಿಲ್ಲದವಳು. ಗುಡಿಯಲ್ಲಿ ಕೂತು ತುಟಿ ಮಾತ್ರ ಆಡಿಸುತ್ತಾ ಬೇಡಿಕೊಳ್ಳುತ್ತಾಳೆ, ದನಿಯೇ ಇಲ್ಲ. ಪೂಜಾರಿ ಅವಳು ಕುಡಿದಿದ್ದಾಳೆ ಅಂದುಕೊಂಡು ಗದರುತ್ತಾನೆ. ಅದನ್ನು ಓದಿದ ದಿನ ಪುಟ್ಟಲಕ್ಷ್ಮಿ ತಾನಾಗಿಯೇ ಒಂದು ಮಾತಾಡಿದಳು. ಆ ವರ್ಷದಲ್ಲೇ ಅವಳು ಅಲ್ಲಿ ಬಾಯಿಬಿಟ್ಟಿದ್ದು ಅದೊಂದೇ ಸಲ. "ಗಟ್ಟಿಯಾಗ್ ಕೇಳಿದ್ರೆ ಮನೇಲಿರೋರ್ಗೂ ಕೇಳುಸ್ತದಲ್ಲ ಸಾ. ಅದ್ಕೆ ಆಯಮ್ಮ ಸುಮ್ಕೆ ಕೇಳವ್ಳೆ" ಅಂದಳು. ಚನ್ನಾಜಮ್ಮ ಸೊಸೆಯ ಮುಖ ನೋಡಿದಳು. ನಾನು ನೆಲ ನೋಡಿದೆ. ನನಗೆ ನೀನು ನೆನಪಾಗಿದ್ದೆ.

ಮಲ್ಲಯ್ಯನವರದ್ದು ಒಂದು ಪದ್ಧತಿ ಇದೆ. ನಮ್ಮ ಕಷ್ಟವನ್ನು ನಾವು ಕೇಳುವಂತಿಲ್ಲ. ಬಲಗಡೆ ಕೂತವರ ಕಷ್ಟವನ್ನು ನಾವು ಹೊತ್ತುಕೊಂಡು ವಾರವೆಲ್ಲ ಕೇಳಬೇಕು. "ನಮ್ದು ನಾವ್ ಕೇಳೋದು ಭಿಕ್ಷೆ ಕಣ್ರಯ್ಯಾ, ಇನ್ನೊಬ್ರದ್ದು ಕೇಳೋದು ವಕೀಲಿಕೆ" ಅನ್ನುತ್ತಾರೆ. "ಫೀಸು ಯಾರ್ ಕೊಡಾರು ಸಾ?" ಅಂತ ಸಿದ್ದಯ್ಯ. ಮೊದಲ ದಿನ ಯಾರು ಎಲ್ಲಿ ಕೂತರೋ ಅದೇ ಜಾಗ ಖಾಯಂ ಆಯಿತು. ಚನ್ನಾಜಮ್ಮನ ಬಲಗಡೆ ನಾನು. ನನ್ನ ಬಲಗಡೆ ಪುಟ್ಟಲಕ್ಷ್ಮಿ.

ಹಾಗಾಗಿ ನನ್ನ ವಕೀಲಿಕೆ ಚನ್ನಾಜಮ್ಮನದ್ದು. ನನಗೇನು ಬೇಕು ಅಂತ ಕೇಳಿದಾಗ, ಹೆಂಡತಿ ತಿರುಗಿ ಬರಬೇಕು ಅಂದೆ. ಯಾಕೆ ಹೋದಳು ಅಂತ ಅವಳು ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಶುಕ್ರವಾರ ಶುಕ್ರವಾರ ಊಟ ಬಿಟ್ಟಳು. ಮಂಟಪದಲ್ಲಿ ಮದುವೆ ಊಟ ರಾಶಿ ಬಿದ್ದಿದ್ದರೂ ಶುಕ್ರವಾರ ಬರೀ ನೀರು. ಅರವತ್ತು ದಾಟಿದವಳು, ಏಳು ತಿಂಗಳು. "ನಿನ್ ಎಂಡ್ರು ಎಸ್ರು ಇಂದ್ರಾಣಿ ತಾನೆ? ದೇವ್ರಿಗೆ ಎಸ್ರು ಸರ್ಯಾಗ್ ಯೋಳ್ಬೇಕು, ಇಲ್ದಿದ್ರೆ ಇನ್ಯಾವ್ಳೋ ಬಂದ್ಬುಡ್ತಾಳೆ" ಅನ್ನುತ್ತಿದ್ದಳು.

ಪುಟ್ಟಲಕ್ಷ್ಮಿಗೆ ಏನು ಬೇಕು ಅಂತ ನಾನು ಕೇಳಿದ್ದೆ. "ಅತ್ತೆ ಏನ್ ಕೇಳ್ತಾರೋ ಅದೇ ಕಣಣ್ಣ" ಅಂದಿದ್ದಳು. ನಾನೂ ಹಾಗೇ, ಬೆಟ್ಟಸ್ವಾಮಿ ಬರಲಿ ಅಂತ ಬಾಯಿಪಾಠದ ಹಾಗೆ ಎರಡು ಮಾತು ಹೇಳಿ ಮಲಗುತ್ತಿದ್ದೆ. ಅವಳ ಮುಖ ನೋಡಿ ಇನ್ನೊಂದು ಸಲ ಕೇಳಬೇಕು ಅಂತ ನನಗೆ ಅನ್ನಿಸಲಿಲ್ಲ.

ಜನವರಿಯಲ್ಲಿ ಮಾರ್ಕನ ಪುಸ್ತಕಕ್ಕೆ ಬಂದೆವು. ಯೇಸುಸ್ವಾಮಿ ಶಿಷ್ಯರಿಗೆ ಹೇಳುವ ಮಾತು. ಬೇಡಿಕೊಳ್ಳುವಾಗಲೇ ಅದು ಕೈಗೆ ಬಂದಾಯಿತು ಅಂತ ನಂಬಬೇಕು, ಹಾಗೆ ನಂಬಿದರೆ ಬೆಟ್ಟ ಕೂಡ ಕಿತ್ತು ಸಮುದ್ರಕ್ಕೆ ಬೀಳುತ್ತದೆ ಅಂತ. "ಚಾಮುಂಡಿ ಬೆಟ್ಟ ಕಿತ್ತು ಕಬಿನಿಗೆ ಬೀಳ್ಸಿದ್ರೆ ನಂಜನಗೂಡು ಮುಳುಗೋಯ್ತದೆ ಸಾ, ಅದೊಂದ್ ಯೋಳ್ಬೇಡಿ" ಅಂದ ಸಿದ್ದಯ್ಯ. ಎಲ್ಲರೂ ನಕ್ಕರು. ಮಲ್ಲಯ್ಯನವರು ನಗಲಿಲ್ಲ. ಅವರು ನನ್ನನ್ನು ನೋಡಿ, "ಮಾದೇಶ, ನಿನ್ನ ಹೆಂಡ್ತಿ ಬಂದಾಯ್ತು ಅಂತ ನಂಬಕ್ಕಾಗುತ್ತಾ? ಬಾಯಲ್ಲಿ ಹೇಳೋ ಧೈರ್ಯ ಇದ್ರೆ ಅದು ನಂಬಿಕೆ. ಇಲ್ದಿದ್ರೆ ಬರೀ ಆಸೆ" ಅಂದರು.

ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ನನಗೆ ಮೊದಲೇ ಒಂದು ಕಡೆ ಕಾಲು ನಿಲ್ಲುವುದಿಲ್ಲ, ಅದು ನಿನಗೆ ಗೊತ್ತು. ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿ ನಿಮ್ಮೂರು ನರಸೀಪುರದ ಬಸ್ಸು ಹತ್ತಿದೆ. ನೀನು ಸಿಕ್ಕಿದರೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹೇಳಿಕೊಂಡೆ. ಬಸ್ ಸ್ಟ್ಯಾಂಡ್ ಪಕ್ಕದ ರಸ್ತೆಯಲ್ಲಿ ನೀನು ಸಿಕ್ಕಿದೆ. ನಿನಗೆ ನಾನು ಸಿಕ್ಕಲಿಲ್ಲ. ನೀನು ಚಪ್ಪಲಿ ಹೊಲಿಯುವವನ ಮುಂದೆ ಒಂಟಿ ಕಾಲಲ್ಲಿ ನಿಂತಿದ್ದೆ. ಬೀಳಬಾರದು ಅಂತ ನಿಮ್ಮಣ್ಣನ ಮಗಳ ತಲೆ ಹಿಡಿದುಕೊಂಡಿದ್ದೆ. ಆ ಮಗು ಬೇಕಂತಲೇ ತಲೆ ತಗ್ಗಿಸುವುದು, ನೀನು ಓಲಾಡಿ ನಗುವುದು. ನಾನು ಕಬ್ಬಿನ ಹಾಲಿನ ಅಂಗಡಿಯ ಹಿಂದೆ ನಿಂತು ನೋಡಿದೆ. ಎಷ್ಟು ವರ್ಷ ಆಗಿತ್ತು ನಿನ್ನ ನಗು ಕೇಳಿ. ನಾನು ಎದುರಿಗೆ ಬಂದರೆ ಅದು ನಿಲ್ಲುತ್ತದೆ ಅಂತ ಅಷ್ಟೇ ಗೊತ್ತಾಯಿತು. ಕೊನೇ ಬಸ್ಸಿಗೆ ವಾಪಸ್ ಬಂದೆ.

ಬುಧವಾರ ಮಲ್ಲಯ್ಯನವರು ಮತ್ತೆ ಕೇಳಿದರು. "ಏನಯ್ಯಾ, ನಂಬಿದ್ಯಾ?" ನಾನು ಎದ್ದು ನಿಂತು, "ಬಂದಿದ್ಲು ಸಾ" ಅಂದೆ.

ಯಾಕೆ ಅಂದೆ? ಹೇಳಿದರೆ ನಿಜವಾಗುತ್ತದೆ ಅಂತಲೇ ಅರ್ಧ ನಂಬಿದ್ದೆ. ಇನ್ನರ್ಧ ಚನ್ನಾಜಮ್ಮನ ಮೇಲಿನ ಕನಿಕರ. ಅವಳ ಕೆನ್ನೆ ಒಳಗೆ ಹೋಗಿತ್ತು. ಒಂದು ಮಾತು ಅಂದ ಮೇಲೆ ಅದಕ್ಕೆ ಸೀರೆ ಉಡಿಸಬೇಕಲ್ಲ. ಯಾವಾಗ ಬಂದಳು ಅಂದರು, ಭಾನುವಾರ ಅಂದೆ. ಯಾವ ಸೀರೆ ಅಂತ ಚನ್ನಾಜಮ್ಮ ಕೇಳಿದಳು, ಹಸಿರು ಅಂದೆ. ಅವತ್ತು ನೀನು ಉಟ್ಟಿದ್ದೂ ಹಸಿರೇ. ಈಗೆಲ್ಲಿ ಅಂದರು. ಶಾಲೆಗೆ ಹೋಗುತ್ತಾಳೆ, ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಪೂರ್ತಿ ಬರುತ್ತಾಳೆ ಅಂದೆ. ಚನ್ನಾಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ದೇವ್ರಿಗೆ ಸೋತ್ರ ಕಣಪ್ಪಾ, ಸೋತ್ರ" ಅಂತ ನೆಲಕ್ಕೆ ಹಣೆ ಇಟ್ಟಳು. ಸಿದ್ದಯ್ಯ ಬನ್ನಿನ ಬದಲು ಅವತ್ತು ಓಡಿಹೋಗಿ ಮೈಸೂರು ಪಾಕ್ ತಂದ. ಪುಟ್ಟಲಕ್ಷ್ಮಿ ಒಬ್ಬಳು ಮಾತ್ರ ನನ್ನನ್ನೇ ನೋಡುತ್ತಿದ್ದಳು.

ಎರಡು ವಾರ ನಾನು ರಾಜನ ಹಾಗೆ ಇದ್ದೆ, ಇಂದ್ರಾ. ಬೀದಿಯವರೆಲ್ಲ ವಿಚಾರಿಸುತ್ತಿದ್ದರು. ನನಗೇ ನೀನು ಬಂದು ಹೋದ ಹಾಗೆ ಆಗಿಬಿಟ್ಟಿತ್ತು. ಇನ್ನೊಂದು ತಟ್ಟೆ ಕೊಂಡು ತಂದೆ.

ಒಂದು ದಿನ ಬೋರ್‌ವೆಲ್ ಹತ್ತಿರ ಪುಟ್ಟಲಕ್ಷ್ಮಿ ಬಿಂದಿಗೆ ಇಟ್ಟುಕೊಂಡು ನಿಂತಿದ್ದಳು. ಯಾರೂ ಇಲ್ಲದ್ದು ನೋಡಿ, "ಅಣ್ಣ, ಆ ಭಾನ್ವಾರ ಊದ್ಬತ್ತಿ ಕಟ್ಟು ಕೊಡಕೆ ನಿಮ್ ಬೀದೀಲೇ ಓಗಿದ್ದೆ. ಬೆಳಗ್ಗೆನೂ ಬೀಗ, ಸಂಜೆನೂ ಬೀಗ. ಅಕ್ಕ ಎಲ್ ಕುಂತಿದ್ರು?" ಅಂದಳು.

ಬೈಯುತ್ತಾಳೆ ಅಂದುಕೊಂಡೆ. ಅವಳು ಬೈಯಲಿಲ್ಲ. ಆಮೇಲೆ ಹೇಳಿದ್ದು ಇಷ್ಟು. ಅವಳ ತವರು ಹದಿನಾರು ಅಂತ ಒಂದು ಹಳ್ಳಿ. ಅವಳಣ್ಣ ಎರಡು ವರ್ಷದಿಂದ ಒಂದು ಸಂಬಂಧ ನೋಡಿಟ್ಟಿದ್ದಾನೆ. ಹೆಂಡತಿ ತೀರಿಕೊಂಡ ಒಬ್ಬ, ಹಿಟ್ಟಿನ ಗಿರಣಿಯಲ್ಲಿ ಕೆಲಸ, ಒಳ್ಳೆಯವನು. ಅವರಲ್ಲಿ ಕೂಡಾವಳಿ ನಡೆಯುತ್ತದೆ, ಗಂಡ ಬಿಟ್ಟವಳಿಗೆ ಇನ್ನೊಂದು ಮದುವೆ ಮಾಡಬಹುದು. ಆದರೆ ಅತ್ತೆ ಮನೆಯವರು ತಮ್ಮ ಕೈಯಾರೆ ಎಲೆ ಅಡಿಕೆ ಕೊಟ್ಟು 'ಹೋಗು' ಅನ್ನಬೇಕು. ಅನ್ನದಿದ್ದರೆ ಊರವರು ಒಪ್ಪುವುದಿಲ್ಲ. ಚನ್ನಾಜಮ್ಮ ಎರಡು ವರ್ಷ ಹಟ ಹಿಡಿದು, ಈ ಸಂಕ್ರಾಂತಿಯಲ್ಲಿ ಮೆತ್ತಗಾಗಿದ್ದಳಂತೆ. "ಆಯ್ತು ಬುಡು, ಯುಗಾದಿ ಒಳಗೆ ಓಗು, ನನ್ ಮಗ ಬರಾಕಿಲ್ಲ" ಅಂತ ತಾನೇ ಅಂದು, ಅತ್ತು, ಎಲೆ ಅಡಿಕೆಗೆ ಒಪ್ಪಿದ್ದಳಂತೆ.

ಅಷ್ಟರಲ್ಲಿ ನಾನು ಎದ್ದು ನಿಂತು 'ಬಂದಿದ್ಲು' ಅಂದೆ.

"ಅವತ್ ಮನೆಗ್ ಬಂದವ್ರೇ ಬಾಗ್ಲಲ್ಲೇ ಯೋಳಿದ್ರು ಅಣ್ಣ. ಮೂರ್ ವರ್ಸ ಬುಟ್ಟೋದೋಳೇ ಬಂದವ್ಳೆ, ನನ್ ಮಗ ಬರಾಕಿಲ್ವಾ? ನಂದೇ ನಂಬ್ಕೆ ಕಮ್ಮಿ ಆಗಿತ್ತು. ನೀನ್ ಎಲ್ಲೂ ಓಗಂಗಿಲ್ಲ ಅಂದ್ರು. ಹದಿನಾರಿಗೂ ಯೋಳಿ ಕಳ್ಸವ್ರೆ."

ಬೀಗ ನೋಡಿದ್ದನ್ನು ಅತ್ತೆಗೆ ಹೇಳಬಹುದಿತ್ತಲ್ಲ ಅಂತ ಅವಳಿಗೆ ಅಂದೆ. "ನಾನ್ ಯೋಳಿದ್ರೆ, ಓಗೋ ಆತ್ರುಕ್ಕೆ ಸುಳ್ ಯೋಳ್ತಾವ್ಳೆ ಅಂತಾರೆ" ಅಂದಳು. ನೀನಾಗಿಯೇ ಹೊರಟುಬಿಡು ಅಂದೆ. ತಲೆ ಅಲ್ಲಾಡಿಸಿದಳು. ಆರು ವರ್ಷ ಒಂದೇ ಬೆಡ್‌ಶೀಟು ಹೊದ್ದು ಮಲಗಿದ ಅತ್ತೆಯನ್ನು ಶಾಪ ಹಾಕಿಸಿಕೊಂಡು ಬಿಟ್ಟು ಹೋಗಲು ಅವಳಿಗೆ ಆಗುವುದಿಲ್ಲ. ಬಿಂದಿಗೆ ಸೊಂಟಕ್ಕೆ ಏರಿಸಿಕೊಂಡು ಎರಡು ಹೆಜ್ಜೆ ಹೋದವಳು ನಿಂತಳು. "ನನ್ ಪ್ರಾರ್ಥ್ನೆ ನಿಮ್ ಕೈಲಿತ್ತಲ್ಲ ಅಣ್ಣ. ಬಲಗಡೆ ನಾನೇ ತಾನೆ ಕುಂತಿದ್ದು?"

ಅವಳು ಜೋರಾಗಿ ಅಂದಿದ್ದರೆ ಎದುರು ಮಾತಾಡಬಹುದಿತ್ತು. ನಾನು ಖಾಲಿ ಕೊಡ ಇಟ್ಟುಕೊಂಡು ಅಲ್ಲೇ ನಿಂತೆ. ನನ್ನ ಹಿಂದೆ ಬಂದವರೆಲ್ಲ ತುಂಬಿಕೊಂಡು ಹೋದರು.

ಆಮೇಲೂ ಎರಡು ಬುಧವಾರ ಸುಮ್ಮನಿದ್ದೆ. ಇದು ನಿನಗೆ ಹೊಸದಲ್ಲ. ಮೂಗೂರಿನಲ್ಲಿ ನಮ್ಮ ಮಗು ಹೋದ ಮೂರನೇ ದಿನ, ಊಟಕ್ಕೆ ಕೂತಿದ್ದಾಗ, ಅವ್ವ ನಿನ್ನ ಮೇಲೆ ಆ ಮಾತು ಆಡಿದಳು. ನಿನ್ನ ಎದೆಹಾಲೇ ಮಗುವಿಗೆ ವಿಷವಾಯಿತು ಅಂತ. ಐದು ತಿಂಗಳ ಮಗುವನ್ನು ಮಣ್ಣು ಮಾಡಿ ಬಂದ ಕೈ ಇನ್ನೂ ಒರಟಾಗಿತ್ತು. ನಾನು ತಲೆ ಎತ್ತಲಿಲ್ಲ. ಅನ್ನ ಕಲಸುತ್ತಲೇ ಇದ್ದೆ. ತಿಂದೆ ಕೂಡ. ಮಗುವಿನ ಜ್ವರ ಎರಡು ದಿನ ನೋಡೋಣ ಅಂದವನು ನಾನು, ಆಸ್ಪತ್ರೆಗೆ ಹೋಗೋಣ ಅಂದವಳು ನೀನು. ಅದನ್ನು ಅವ್ವನಿಗೆ ಹೇಳುವ ಒಂದೇ ಒಂದು ಬಾಯಿ ನನ್ನದಾಗಿತ್ತು. ಮಾರನೇ ಬೆಳಿಗ್ಗೆ ನೀನು ಬ್ಯಾಗು ತೆಗೆದುಕೊಂಡು ಹೊರಟಾಗ, "ಒಂದ್ ಮಾತೂ ಆಡ್ನಿಲ್ವಲ್ಲ ನೀವು" ಅಂತ ನನಗೆ ಅಂದೆ. ಇಷ್ಟು ವರ್ಷ ಅದಕ್ಕೆ ಉತ್ತರ ಹುಡುಕಿದ್ದೇನೆ. ಹೆದರಿಕೆ ಅಂತ ಬರೆದರೆ ಚಿಕ್ಕದಾಗುತ್ತದೆ. ಅವ್ವ ನಿನ್ನನ್ನು ಅಂದರೆ ನಾನು ತಪ್ಪಿಸಿಕೊಳ್ಳುತ್ತೇನೆ ಅಂತ ಎಲ್ಲೋ ಒಳಗೆ ಸಮಾಧಾನ ಆಗಿತ್ತು. ಇದನ್ನು ಯಾವತ್ತೂ ಬರೆದಿರಲಿಲ್ಲ. ಹಿಂದಿನ ಕಾಗದಗಳು ನಿನಗೆ ಸಿಕ್ಕಿದ್ದರೂ ಇದು ಅವುಗಳಲ್ಲಿ ಇರಲಿಲ್ಲ.

ನಿನ್ನೆ ಬುಧವಾರ. ಓದಿದ್ದು ಗೆತ್ಸೇಮನೆ ತೋಟದ ಭಾಗ. ತನ್ನನ್ನು ಹಿಡಿದುಕೊಡುವ ರಾತ್ರಿ ಯೇಸು ಒಬ್ಬನೇ ಬೋರಲು ಬಿದ್ದು, ಈ ಕಷ್ಟದ ಬಟ್ಟಲು ನನ್ನಿಂದ ದಾಟಿಹೋಗಲಿ ಅಂತ ಮೂರು ಸಲ ಕೇಳುತ್ತಾನೆ. ದಾಟಿಹೋಗುವುದಿಲ್ಲ. ಜೊತೆಯವರು ಪಕ್ಕದಲ್ಲೇ ನಿದ್ದೆ ಹೊಡೆಯುತ್ತಿರುತ್ತಾರೆ. ಮಲ್ಲಯ್ಯನವರು ಓದಿ ಮುಗಿಸಿ ಕನ್ನಡಕ ತೆಗೆದರು. ಅವರು ಪಾಠ ಶುರು ಮಾಡುವ ಮೊದಲು ನಾನು ಎದ್ದು ನಿಂತೆ. "ನನ್ನ ಹೆಂಡ್ತಿ ಬಂದಿರಲಿಲ್ಲ. ನಾನು ಹೇಳಿದ್ದು ಸುಳ್ಳು" ಅಂದೆ.

ಸಿದ್ದಯ್ಯ, "ಅಯ್ಯೋ ನಿನ್ ಮನೆ ಕಾಯ್ವಾಗ, ಮೈಸೂರ್‌ಪಾಕ್ ತಂದಿದ್ನಲ್ಲೋ ನಾನು" ಅಂದು, ತಾನೇ ಬಾಯಿ ಮುಚ್ಚಿಕೊಂಡ.

ಚನ್ನಾಜಮ್ಮ ಕೋಪ ಮಾಡಿಕೊಳ್ಳುತ್ತಾಳೆ ಅಂತ ಕಾದೆ. ಅವಳು ನಕ್ಕಳು. ಎದ್ದು ಬಂದು ನನ್ನ ತಲೆ ಮೇಲೆ ಕೈಯಿಟ್ಟಳು. "ಕುಂತ್ಕೋ ಮಗ. ಇದು ನಿನ್ ಬಾಯಲ್ಲ, ಸೈತಾನ ನುಡುಸ್ತಾವ್ನೆ. ಎಂಡ್ರು ಬರಾದು ಹತ್ರ ಬಂದಾಗ್ಲೇ ಅವ್ನು ಎದ್ರುಸೋದು" ಅಂದಳು.

"ಇಲ್ಲ ಅಮ್ಮ, ಅವಳು ಬರೋದೇ ಇಲ್ಲ. ಅವಳ ಹತ್ತಿರ ನಾನು ಮಾತೇ ಆಡಿಲ್ಲ" ಅಂದೆ.

"ಹಸುರ್ ಸೀರೆ ಅಂದ್ಯಲ್ಲ? ಸುಳ್ಗಾರಂಗೆ ಸೀರೆ ಬಣ್ಣ ಎಲ್ ಗೊತ್ತಿರ್ತದೆ?"

ಸೀರೆಯ ಬಣ್ಣ ಒಂದೇ ನಿಜ ಅಂತ ಅವಳಿಗೆ ಹೇಗೆ ಹೇಳಲಿ. ಮಲ್ಲಯ್ಯನವರ ಕಡೆ ನೋಡಿದೆ. ಅವರಿಗೆ ಅರ್ಥವಾಗಿತ್ತು. "ಚನ್ನಾಜಮ್ಮ, ಹುಡುಗ ನಿಜ ಹೇಳ್ತಿದ್ದಾನೆ. ನಾನೂ ತಪ್ಪಾಗಿ ಒತ್ತಾಯ ಮಾಡ್ದೆ. ಪುಟ್ಟಲಕ್ಷ್ಮಿನ ಕಳ್ಸಿಕೊಡಿ" ಅಂದರು. ಚನ್ನಾಜಮ್ಮ ಅವರತ್ತ ತಿರುಗಿದಳು. "ಸಾ, ಕಣ್ಗೆ ಕಾಣ್ದಿದ್ರೂವೆ ಬಂದಾಯ್ತು ಅಂತ ನಂಬು ಅಂತ ಯೋಳ್ಕೊಟ್ಟೋರು ನೀವೇ ಅಲ್ವಾ? ಈಗ್ ನೀವೂ ಕೈ ಬುಡ್ತೀರಾ?" ಮಲ್ಲಯ್ಯನವರು ನಾಲ್ಕು ಸಲ ಕನ್ನಡಕ ಹಾಕಿ ತೆಗೆದರು. ಪುಟ್ಟಲಕ್ಷ್ಮಿ ತಲೆ ಬಗ್ಗಿಸಿ ಬೆರಳಿನ ಕಪ್ಪನ್ನು ಇನ್ನೊಂದು ಬೆರಳಿನಿಂದ ಕೆರೆಯುತ್ತಾ ಕೂತಿದ್ದಳು.

ನಾನು ಎಷ್ಟು ಬೇಡಿಕೊಂಡರೂ ಚನ್ನಾಜಮ್ಮನದ್ದು ಒಂದೇ ಹಟ. ಕೊನೆಗೆ ಸಿದ್ದಯ್ಯನೇ ಕೇಳಿದ, "ಅಲ್ಲಕಣಮ್ಮೋ, ಇವ್ನ್ ಬಾಯಿ ಬ್ಯಾಡ, ಕಾಂಪೌಂಡ್ರು ಬಾಯೂ ಬ್ಯಾಡ. ಯಾರ್ ಯೋಳಿದ್ರೆ ಒಪ್ಕತ್ತೀಯ?" ಅಂತ. "ನಾನ್ ಏಳ್ ತಿಂಗ್ಳು ಉಪ್ವಾಸ ಬಿದ್ದಿದ್ದು ಯಾರ್ ಎಸ್ರಲ್ಲಿ? ಆ ಇಂದ್ರಾಣಿ ಎಸ್ರಲ್ಲಿ. ಅವ್ಳೇ ಅವ್ಳ್ ಬಾಯಲ್ಲಿ ಬರಾಕಿಲ್ಲ ಅನ್ಲಿ. ಅವತ್ತೇ ಎಲೆ ಅಡ್ಕೆ ಕೊಡ್ತೀನಿ" ಅಂದಳು.

ಈಗ ಗೊತ್ತಾಯಿತಲ್ಲ, ಯಾಕೆ ಬರೆಯುತ್ತಿದ್ದೇನೆ ಅಂತ.

ಇದೇ ತಿಂಗಳು ಇಪ್ಪತ್ತಮೂರನೇ ತಾರೀಖು ಭಾನುವಾರ ಸಂಜೆ ಪುಟ್ಟಲಕ್ಷ್ಮಿಯ ಅಣ್ಣ ಹದಿನಾರಿನಿಂದ ಕೊನೇ ಸಲ ಕೇಳಲು ಬರುತ್ತಾನೆ. ಗಂಡಿನ ಕಡೆಯವರು ಯುಗಾದಿ ಆದ ಮೇಲೆ ಕಾಯುವುದಿಲ್ಲ ಅಂದಿದ್ದಾರೆ, ಬೇರೆ ಹೆಣ್ಣು ನೋಡಿಯೂ ಬಂದಿದ್ದಾರಂತೆ. ಅವನು ಬರುವಷ್ಟರೊಳಗೆ ಚನ್ನಾಜಮ್ಮ ನಿನ್ನ ದನಿ ಕೇಳಬೇಕು. ನೀನು ನಂಜನಗೂಡಿಗೆ ಬರುವುದು ಬೇಡ. ಫೋನ್ ಸಾಕು.

ಏನು ಹೇಳಬೇಕು ಅಂತಲೂ ನಾನೇ ಹೇಳುತ್ತೇನೆ, ನನ್ನ ಮೇಲೆ ಕನಿಕರ ಬೇಡ. ಬರುವುದಿಲ್ಲ ಅನ್ನು. ಸದ್ಯಕ್ಕೆ ಬರುವುದಿಲ್ಲ ಅನ್ನಬೇಡ, ನೋಡೋಣ ಅನ್ನಬೇಡ, ದೇವರಿದ್ದಾನೆ ಅಂತಂತೂ ಅನ್ನಲೇಬೇಡ. ಒಂದು ಕಡ್ಡಿಯಷ್ಟು ಸಂದು ಬಿಟ್ಟರೂ ಆ ಮುದುಕಿ ಅದರೊಳಗೆ ಕೈ ತೂರಿಸಿ ಹಿಡಿದುಕೊಳ್ಳುತ್ತಾಳೆ. ಅವಳು ಅಳುತ್ತಾಳೆ. ನಮ್ಮ ಮಗುವಿನ ವಿಷಯ ಕೇಳಿದರೂ ಕೇಳಬಹುದು, ನಿನ್ನೆ ಎಲ್ಲ ಹೇಳಿದ್ದೇನೆ. ಅತ್ತರೂ ಮೆತ್ತಗಾಗಬೇಡ. ನೀನು ಮಕ್ಕಳಿಗೆ ಪಾಠ ಹೇಳುವವಳು, ಎರಡು ಸಲ ಬಿಡಿಸಿ ಹೇಳಲು ನಿನಗೆ ಬರುತ್ತದೆ. ಬೇಕಾದರೆ ನಾನು ಎಂಥವನು ಅಂತಲೂ ಹೇಳು.

ನಿನ್ನನ್ನು ಬಾ ಅಂತ ಬೇಡಿಕೊಂಡವನು ಈಗ ಬರುವುದಿಲ್ಲ ಅನ್ನು ಅಂತ ಬೇಡಿಕೊಳ್ಳುತ್ತಿದ್ದೇನೆ. ಇದನ್ನೂ ನೀನು ಕೊಡದಿದ್ದರೆ ಕೇಳುವುದಕ್ಕೆ ನನಗೆ ಇನ್ಯಾರೂ ಇಲ್ಲ. ನನಗೆ ಇದರಿಂದ ಏನೂ ಸಿಕ್ಕುವುದಿಲ್ಲ. ಮುಂದಿನ ಬುಧವಾರ ಆ ನಡುಮನೆಗೆ ಹೋಗುತ್ತೇನೋ ಇಲ್ಲವೋ ಗೊತ್ತಿಲ್ಲ. ಹೋದರೆ ನನ್ನ ಬಲಗಡೆ ಜಾಗ ಖಾಲಿ ಇರಬೇಕು ಅಂತ ಮಾತ್ರ ಇದೆ. ಅದೂ ಆಗುತ್ತದೆ ಅಂತ ನಂಬಿಕೆ ಇಲ್ಲ. ನೀನು ಈ ಕಾಗದವನ್ನು ಒಡೆಯದೇ ಇರಬಹುದು. ಒಡೆದು, ಇವನ ಇನ್ನೊಂದು ನಾಟಕ ಅಂತ ಮಡಚಿ ಇಡಬಹುದು. ಹಾಗೆ ಮಾಡಿದರೆ ತಪ್ಪು ನಿನ್ನದಲ್ಲ.

ನೀರು ಬಂದ ಸದ್ದು ಕೇಳುತ್ತಿದೆ. ಕೆಂಪಾಜಮ್ಮ ಕೂಗುತ್ತಿದ್ದಾರೆ. ಕೊಡ ಹಿಡಿದು ಹೋಗಬೇಕು.

ನಿನ್ನನ್ನು 'ನನ್ನ' ಅಂತ ಬರೆಯುವ ಹಕ್ಕು ಕಳೆದುಕೊಂಡ,
ಮಾದೇಶ

ತಾ.ಕ.: ಕಳೆದ ಆಷಾಢದಲ್ಲಿ ನಿಮ್ಮಣ್ಣ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ ನಮ್ಮ ಮದುವೆಯ ಬಿಡುಗಡೆ ಪತ್ರ ನನಗೆ ಬಂದೇ ಇಲ್ಲ ಅಂತ ಅವನಿಗೆ ಫೋನಿನಲ್ಲಿ ಹೇಳಿದ್ದೆ. ಬಂದಿತ್ತು. ಪೋಸ್ಟ್‌ಮ್ಯಾನ್ ಹತ್ತಿರ ಸಹಿ ಮಾಡಿ ತೆಗೆದುಕೊಂಡಿದ್ದೆ. ಎಂಟು ತಿಂಗಳಿಂದ ಹಾಸಿಗೆ ಕೆಳಗೆ ಇಟ್ಟುಕೊಂಡು, ಅದರ ಮೇಲೆ ಮಲಗಿಕೊಂಡೇ ನಿನಗಾಗಿ ಪ್ರಾರ್ಥನೆ ಮಾಡಿಸುತ್ತಿದ್ದೆ. ನೀನೂ ಎಲ್ಲೋ ಒಂದು ಕಡೆ ಯಾರದ್ದೋ ಎಲೆ ಅಡಿಕೆಗೆ ಕಾಯುತ್ತಿರಬಹುದು ಅಂತ ಬೋರ್‌ವೆಲ್ ಹತ್ತಿರ ನಿಂತಾಗಲೇ ಹೊಳೆದಿದ್ದು. ಇವತ್ತು ನೀರು ಹಿಡಿದಿಟ್ಟು ಮಲ್ಲಯ್ಯನವರ ಮನೆಗೆ ಹೋಗಿ, ಪೆನ್ಸಿಲ್ ಗುರುತು ಇದ್ದ ಮೂರು ಕಡೆಯೂ ಸಹಿ ಹಾಕಿ ಬಂದಿದ್ದೇನೆ. ಸಾಕ್ಷಿಗೆ ಮಲ್ಲಯ್ಯನವರ ಸಹಿ, ಸಿದ್ದಯ್ಯನ ಹೆಬ್ಬೆಟ್ಟು. ಇದರ ಜೊತೆಗೇ ಇದೆ. ನೀನು ಫೋನ್ ಮಾಡಿದರೂ ಮಾಡದಿದ್ದರೂ ಅದು ನಿನ್ನದೇ. ಫೋನ್ ಇರುವುದು ಮಲ್ಲಯ್ಯನವರ ಬೀದಿಯ ತಿರುವಿನ ಎಸ್‌ಟಿಡಿ ಬೂತಿನಲ್ಲಿ. ನಂಬರು ಲಕೋಟೆಯ ಹಿಂದೆ ಬರೆದಿದ್ದೇನೆ. ಅವತ್ತು ವರ್ಲ್ಡ್ ಕಪ್ ಫೈನಲ್ ಅಂತೆ, ಊರೆಲ್ಲ ಟಿವಿ ಮುಂದೆ ಇರುತ್ತದೆ, ಬೂತಿನಲ್ಲಿ ಗಲಾಟೆ ಇರುವುದಿಲ್ಲ. ಚನ್ನಾಜಮ್ಮನಿಗೆ ಎಡಗಿವಿ ಮಂದ, ಫೋನ್ ಬಲಗಿವಿಗೆ ಹಿಡಿಸಲು ಸಿದ್ದಯ್ಯನಿಗೆ ಹೇಳಿದ್ದೇನೆ. ನಾನು ಇರುವುದಿಲ್ಲ. ಆ ದಿನ ಎರಡನೇ ಶಿಫ್ಟ್ ಕೇಳಿ ಹಾಕಿಸಿಕೊಂಡಿದ್ದೇನೆ. ಇಪ್ಪತ್ತಮೂರು, ಭಾನುವಾರ, ಮಧ್ಯಾಹ್ನ ನಾಲ್ಕು ಗಂಟೆ.